ನಾಲ್ಕು ದಿನ ನಿಂತ ಮಷೀನುಗಳ ಲೆಕ್ಕ

ಪೀಣ್ಯ ಎರಡನೇ ಹಂತದಲ್ಲಿ ನಮ್ಮದೊಂದು ಮಷೀನ್ ಶಾಪ್. ಆರು ವಿಎಂಸಿ (ಕಂಪ್ಯೂಟರ್ ಪ್ರೋಗ್ರಾಂನಿಂದ ಲೋಹ ಕಡೆಯುವ ಮಷೀನ್), ಎರಡು ಶಿಫ್ಟ್, 38 ಜನ. ನಾನು ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಕಂಪ್ಯೂಟರ್ ಕೈಕೊಟ್ಟರೆ ಎಲ್ಲರೂ ನನ್ನ ಟೇಬಲ್ಲಿಗೇ ಬರುತ್ತಿದ್ದರು. ಹಾಗೇ ಬರ್ತಾ ಬರ್ತಾ ಆ ಕೆಲಸವೂ ನನ್ನದೇ ಆಯಿತು.

2021ರ ಫೆಬ್ರವರಿ, ಒಂದು ಸೋಮವಾರ. ಬೆಳಿಗ್ಗೆ ಟ್ಯಾಲಿ ತೆರೆಯಲಿಲ್ಲ. ಸರ್ವರ್‌ನಲ್ಲಿ ಫೋಲ್ಡರ್ ತೆಗೆದು ನೋಡಿದೆ. ಪ್ರತಿ ಫೈಲಿನ ಹೆಸರಿನ ಕೊನೆಗೂ ಏನೇನೋ ಅಕ್ಷರಗಳು ಸೇರಿಕೊಂಡಿದ್ದವು. ಜೊತೆಗೊಂದು ನೋಟ್‌ಪ್ಯಾಡ್ ಫೈಲ್: ಬಿಟ್‌ಕಾಯಿನ್‌ನಲ್ಲಿ ದುಡ್ಡು ಕಟ್ಟಿದರೆ ಬೀಗ ತೆಗೆಯುತ್ತೇವೆ ಅಂತ. ಬ್ಯಾಕಪ್ ಹಾರ್ಡ್‌ಡಿಸ್ಕ್ ಇತ್ತು. ಆದರೆ ಅದು ವರ್ಷವಿಡೀ ಅದೇ ಸರ್ವರ್‌ಗೆ ಚುಚ್ಚಿಕೊಂಡೇ ಇರುತ್ತಿತ್ತು. ಸರ್ವರ್ ಜೊತೆ ಅದಕ್ಕೂ ಬೀಗ ಬಿದ್ದಿತ್ತು.

ಕಳ್ಳರು ಬಂದ ದಾರಿ ಆಮೇಲೆ ಗೊತ್ತಾಯಿತು. ಲಾಕ್‌ಡೌನ್ ಸಮಯದಲ್ಲಿ ಮನೆಯಿಂದಲೇ ಬಿಲ್ ಹಾಕಲಿ ಅಂತ ರಿಮೋಟ್ ಡೆಸ್ಕ್‌ಟಾಪ್, ಅಂದರೆ ದೂರದಿಂದಲೇ ಆಫೀಸಿನ ಸರ್ವರ್ ಬಳಸುವ ದಾರಿ, ತೆರೆಸಿದ್ದೆವು. ಲಾಕ್‌ಡೌನ್ ಮುಗಿದ ಮೇಲೂ ಅದನ್ನು ಯಾರೂ ಮುಚ್ಚಲಿಲ್ಲ. ಪಾಸ್‌ವರ್ಡ್ ಕಂಪನಿಯ ಹೆಸರು, ಮುಂದೆ 123. ಇಂಥ ತೆರೆದ ಬಾಗಿಲನ್ನು ಇಂಟರ್ನೆಟ್ಟಿನಲ್ಲಿ ಹಗಲೂ ರಾತ್ರಿ ಹುಡುಕುತ್ತಲೇ ಇರುತ್ತಾರೆ. ಅದಕ್ಕೆ ಪ್ರೋಗ್ರಾಂಗಳೇ ಇವೆ. ಸಣ್ಣ ಕಂಪನಿ, ನಮ್ಮ ಹತ್ತಿರ ಯಾರು ಬರ್ತಾರೆ ಅನ್ನೋ ಮಾತು ಅವತ್ತಿಗೇ ಮುಗಿಯಿತು.

ಮಷೀನುಗಳ ಮೆಮೊರಿಯಲ್ಲಿದ್ದ ಜಾಬ್ ಮಧ್ಯಾಹ್ನದವರೆಗೆ ಓಡಿತು. ಮುಂದಿನ ಜಾಬ್‌ಗೆ ಮಷೀನ್ ಓಡಿಸುವ ಪ್ರೋಗ್ರಾಂ ಸರ್ವರ್‌ನಲ್ಲಿತ್ತು, ಡ್ರಾಯಿಂಗೂ ಅಲ್ಲೇ. ಎರಡು ಗಂಟೆ ಹೊತ್ತಿಗೆ ಶಾಪ್ ಫ್ಲೋರ್ ಪೂರ್ತಿ ಸುಮ್ಮನಾಗಿಬಿಟ್ಟಿತು. ಆಪರೇಟರ್‌ಗಳು ಕೈ ಒರೆಸಿಕೊಂಡು ಮಷೀನ್ ಪಕ್ಕದಲ್ಲೇ ನಿಂತಿದ್ದರು. ಹನ್ನೊಂದು ವರ್ಷದಲ್ಲಿ ವರ್ಕಿಂಗ್ ಡೇ ದಿನ ನಾನು ಅಷ್ಟು ಮೌನ ಕೇಳಿರಲಿಲ್ಲ.

ದುಡ್ಡು ಕಟ್ಟಬಾರದು ಅಂತ ಯಜಮಾನರು ಅವತ್ತೇ ತೀರ್ಮಾನ ಮಾಡಿದರು. ಆಡಿಟರ್ ಹತ್ತಿರ ಸೆಪ್ಟೆಂಬರ್ ಕೊನೆಯವರೆಗಿನ ಟ್ಯಾಲಿ ಡೇಟಾ ಇತ್ತು. ಮುಂದಿನ ತಿಂಗಳುಗಳ ಸೇಲ್ಸ್ ಬಿಲ್‌ಗಳನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿದ್ದ ರಿಟರ್ನ್ ನೋಡಿ, ಪರ್ಚೇಸ್ ಬಿಲ್‌ಗಳನ್ನು ಫೈಲಿನಲ್ಲಿದ್ದ ಕಾಗದ ನೋಡಿ ಮತ್ತೆ ಕೂರಿಸಿದೆವು. ಅದಕ್ಕೇ ಮೂರು ವಾರ ಹಿಡಿಯಿತು. ಡ್ರಾಯಿಂಗ್‌ಗಳನ್ನು ಕಸ್ಟಮರ್ ಹತ್ತಿರ ಮತ್ತೆ ಕೇಳಬೇಕಾಯಿತು. ಒಬ್ಬ ಪರ್ಚೇಸ್ ಮ್ಯಾನೇಜರ್ ಒಂದೇ ಮಾತು ಕೇಳಿದರು: "ಮೇಡಂ, ನಮ್ಮ ಡ್ರಾಯಿಂಗ್ ಹೊರಗೆ ಹೋಗಿದೆಯಾ?" ಇಲ್ಲ ಅಂತ ಹೇಳೋಕೆ ನನ್ನ ಹತ್ತಿರ ಆಧಾರವೇ ಇರಲಿಲ್ಲ. ಗೊತ್ತಿಲ್ಲ ಸರ್ ಅಂದೆ. ಆರು ತಿಂಗಳು ಅವರಿಂದ ಹೊಸ ಜಾಬ್ ಬರಲಿಲ್ಲ.

ಇದಾದ ಮೇಲೂ ಖರ್ಚಿಗೆ ಒಪ್ಪಿಸುವುದು ಸುಲಭ ಇರಲಿಲ್ಲ. ಹೊರಗಿನವರನ್ನು ತಡೆಯುವ ಫೈರ್‌ವಾಲ್, ಲೈಸೆನ್ಸ್ ಅಂತ ಕೊಟೇಷನ್ ಇಟ್ಟರೆ ಯಜಮಾನರು ಕನ್ನಡಕ ತೆಗೆದಿಟ್ಟು, "ನೋಡಮ್ಮ, ಇದರಿಂದ ಒಂದು ಪೀಸ್ ಜಾಸ್ತಿ ಹೊರಗೆ ಬರುತ್ತಾ?" ಅಂದರು. ಪ್ರಶ್ನೆ ಸರಿಯಾಗೇ ಇತ್ತು. ನಾನು ಉತ್ತರ ಕೊಡುತ್ತಿದ್ದ ಭಾಷೆ ತಪ್ಪಾಗಿತ್ತು. ಮಾರನೇ ದಿನ ಮಷೀನ್ ಅವರ್ ರೇಟ್, ಅಂದರೆ ಒಂದು ಮಷೀನಿನ ಒಂದು ಗಂಟೆಯ ಬೆಲೆ, ಹಿಡಿದು ಹೋದೆ. ಆರು ಮಷೀನ್, ದಿನಕ್ಕೆ 16 ಗಂಟೆ, ನಾಲ್ಕು ದಿನ. ಒಟ್ಟು 384 ಗಂಟೆ. ಗಂಟೆಗೆ 500 ರೂಪಾಯಿ ಹಿಡಿದರೆ 1,92,000. ನಾನು ಕೇಳಿದ್ದು ಮೊದಲ ವರ್ಷಕ್ಕೆ 1,65,000. ಕೈಬಿಟ್ಟುಹೋದ ಜಾಬ್ ಇದರಲ್ಲಿ ಸೇರಿಯೇ ಇಲ್ಲ.

ಅವತ್ತೇ ಅವರಿಗೆ ಮೇರ್ಸ್ಕ್ ಕಥೆ ಹೇಳಿದೆ. 2017ರ ಜೂನ್‌ನಲ್ಲಿ ನಾಟ್‌ಪೆಟ್ಯಾ ಅನ್ನೋ ಮಾಲ್‌ವೇರ್ ಆ ಹಡಗು ಕಂಪನಿಯ ಜಾಲವನ್ನೇ ಮಲಗಿಸಿತು. ನವಿ ಮುಂಬೈಯ ಜೆಎನ್‌ಪಿಟಿ ಬಂದರಿನಲ್ಲಿ ಅವರ ಟರ್ಮಿನಲ್ ಕೂಡ ನಿಂತಿತ್ತು. 20ರಿಂದ 30 ಕೋಟಿ ಡಾಲರ್ ನಷ್ಟ ಅಂತ ಕಂಪನಿಯೇ ಹೇಳಿತು. ಯಾರು ಯಾವ ಕಂಪ್ಯೂಟರ್ ಬಳಸಬಹುದು ಅಂತ ಲೆಕ್ಕ ಇಡುವ ಮುಖ್ಯ ಸರ್ವರ್‌ಗಳು ಎಲ್ಲಾ ಕಡೆ ಅಳಿಸಿಹೋಗಿದ್ದವು. ಒಂದೇ ಒಂದು ಉಳಿದಿತ್ತು, ಆಫ್ರಿಕಾದ ಘಾನಾದಲ್ಲಿ. ಕಾರಣ ಇಷ್ಟೇ: ಆ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿತ್ತು. ಪೀಣ್ಯದಲ್ಲಿ ಫ್ಯಾಕ್ಟರಿ ನಡೆಸುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. "ಹಂಗಾದ್ರೆ ಕಳಚಿಟ್ಟ ಕಾಪಿ ಒಂದಿರಬೇಕು, ಅಷ್ಟೇ ತಾನೆ?" ಅಂದರು. ಹೌದು ಸರ್, ಶುರು ಅಲ್ಲಿಂದಲೇ ಅಂದೆ.

ಮೊದಲು ಮಾಡಿದ ಕೆಲಸಗಳಿಗೆ ದುಡ್ಡೇ ಬೇಕಾಗಲಿಲ್ಲ. ರಿಮೋಟ್ ಡೆಸ್ಕ್‌ಟಾಪ್ ಮುಚ್ಚಿದೆವು. ಕೆಲಸ ಬಿಟ್ಟು ಹೋದವರ ಲಾಗಿನ್‌ಗಳನ್ನು ತೆಗೆದೆವು. ಒಟ್ಟು ಒಂಬತ್ತು ಇದ್ದವು! ಮೇಲ್‌ಗೆ ಪಾಸ್‌ವರ್ಡ್ ಜೊತೆ ಮೊಬೈಲ್ ಕೋಡ್ ಹಾಕಿಸಿದೆವು. ದುಡ್ಡು ಹೋದದ್ದು ಫೈರ್‌ವಾಲ್, ಆಂಟಿವೈರಸ್ ಮತ್ತು ಡಿಸ್ಕ್‌ಗಳಿಗೆ. ಈಗ ಡೇಟಾ ಮೂರು ಕಡೆ ಇದೆ: ಸರ್ವರ್, ಕ್ಲೌಡ್, ಮತ್ತು ವಾರಕ್ಕೊಮ್ಮೆ ಬದಲಾಗುವ ಎರಡು ಹಾರ್ಡ್‌ಡಿಸ್ಕ್. ಒಂದು ಆಫೀಸಿನಲ್ಲಿದ್ದರೆ ಇನ್ನೊಂದು ಯಜಮಾನರ ಮನೆಯ ಬೀರುವಿನಲ್ಲಿ. ಕಾಪಿ ಆದ ತಕ್ಷಣ ಕೇಬಲ್ ಕಳಚುತ್ತೇವೆ.

ಶಾಪ್ ಫ್ಲೋರ್‌ನಲ್ಲಿ ಪೆನ್‌ಡ್ರೈವ್ ನಿಲ್ಲಿಸಿದ್ದಕ್ಕೆ ಬೇಜಾರಾಯಿತು. "ಮೇಡಂ, ಪೆನ್‌ಡ್ರೈವ್ ಇಲ್ದೆ ಪ್ರೋಗ್ರಾಂ ಹೆಂಗೆ ಹಾಕೋದು?" ಅಂತ ಸೂಪರ್‌ವೈಸರ್ ಕೇಳಿದ. ಅವನ ಮಾತೂ ಸರಿಯೇ. ಬದಲಿ ದಾರಿ ಕೊಡದೆ ಬಂದ್ ಮಾಡಿದರೆ ಜನ ಕದ್ದು ಬಳಸುತ್ತಾರೆ. ಮಷೀನ್‌ಗೊಂದರಂತೆ ನಂಬರ್ ಬರೆದ ಆರು ಮೆಮೊರಿ ಕಾರ್ಡ್ ಕೊಟ್ಟೆವು. ಅವು ತಮ್ಮ ಮಷೀನ್ ಮತ್ತು ಪ್ರೋಗ್ರಾಂ ಕಂಪ್ಯೂಟರ್ ಬಿಟ್ಟು ಬೇರೆಲ್ಲೂ ಹೋಗುವಂತಿಲ್ಲ.

ಬ್ಯಾಕಪ್ ಇದೆ ಅನ್ನುವುದು ಬೇರೆ, ಅದರಿಂದ ಡೇಟಾ ವಾಪಸ್ ಬರುತ್ತದೆ ಅನ್ನುವುದು ಬೇರೆ. ಮೂರು ತಿಂಗಳಿಗೊಮ್ಮೆ ಒಂದು ಶನಿವಾರ ಹಳೇ ಕಂಪ್ಯೂಟರ್ ಒಂದನ್ನು ಖಾಲಿ ಮಾಡಿ, ಡಿಸ್ಕ್‌ನಿಂದ ಟ್ಯಾಲಿ ಮತ್ತು ಹತ್ತು ಪ್ರೋಗ್ರಾಂ ತೆಗೆದು ನೋಡುತ್ತೇವೆ. ಮೊದಲ ಸಲ ನಾಲ್ಕು ಗಂಟೆ ಹಿಡಿಯಿತು. ಅದರಲ್ಲಿ ಒಂದು ಗಂಟೆ ಡಿಸ್ಕ್‌ನ ಪಾಸ್‌ವರ್ಡ್ ಹುಡುಕಿದ್ದಕ್ಕೇ ಹೋಯಿತು. ಅದನ್ನು ಬರೆದಿಟ್ಟ ಫೈಲ್ ಸರ್ವರ್‌ನಲ್ಲೇ ಇತ್ತು! ಈಗ ಆ ಪಾಸ್‌ವರ್ಡ್ ಕಾಗದದ ಮೇಲಿದೆ, ಲಕೋಟೆಯಲ್ಲಿ, ಚೆಕ್‌ಬುಕ್ ಇಡುವ ಲಾಕರ್‌ನಲ್ಲಿ.

ಲಾಭ ಬಂದದ್ದು ನಾನು ಎಣಿಸಿರದ ಕಡೆಯಿಂದ. ಪ್ರೋಗ್ರಾಂ ಜೊತೆ ಪ್ರತಿ ಮಷೀನಿನ ಪ್ಯಾರಾಮೀಟರ್‌ಗಳನ್ನೂ (ಮಷೀನಿನ ಒಳಗಿನ ಸೆಟ್ಟಿಂಗ್‌ಗಳು) ಕಾಪಿ ಮಾಡಿಟ್ಟಿದ್ದೆವು. 2022ರಲ್ಲಿ ದಸರಾ ರಜೆ ಮುಗಿಸಿ ಬಂದಾಗ ಒಂದು ಹಳೇ ವಿಎಂಸಿಯ ಮೆಮೊರಿ ಬ್ಯಾಟರಿ ಸತ್ತಿತ್ತು. ಆ ಬ್ಯಾಟರಿ ಹೋದರೆ ಪ್ಯಾರಾಮೀಟರ್ ಎಲ್ಲಾ ಅಳಿಸಿಹೋಗುತ್ತದೆ, ಮಷೀನ್‌ಗೆ ತಾನು ಯಾರು ಅನ್ನುವುದೇ ಮರೆತ ಹಾಗೆ. ನಮ್ಮ ಡಿಸ್ಕ್‌ನಲ್ಲಿ ಕಾಪಿ ಇದ್ದದ್ದರಿಂದ ಮಧ್ಯಾಹ್ನದ ಊಟದ ಹೊತ್ತಿಗೆ ಮಷೀನ್ ಓಡುತ್ತಿತ್ತು.

ಮುಂದಿನ ವರ್ಷ ರಾ ಮೆಟೀರಿಯಲ್ ಸಪ್ಲೈಯರ್ ಹೆಸರಲ್ಲಿ ಒಂದು ಮೇಲ್ ಬಂತು. ಬ್ಯಾಂಕ್ ಖಾತೆ ಬದಲಾಗಿದೆ, ಬಾಕಿ 4,80,000 ಹೊಸ ಖಾತೆಗೆ ಹಾಕಿ ಅಂತ. ಲೆಟರ್‌ಹೆಡ್, ಸಹಿ ಎಲ್ಲಾ ಸರಿ ಇತ್ತು. ಮೇಲ್ ವಿಳಾಸದಲ್ಲಿ ಮಾತ್ರ ಒಂದು ಅಕ್ಷರ ಜಾಸ್ತಿ. ಖಾತೆ ಬದಲಾದರೆ ನಮ್ಮ ಹಳೇ ಡೈರಿಯಲ್ಲಿರುವ ನಂಬರ್‌ಗೆ ಫೋನ್ ಮಾಡಿಯೇ ದುಡ್ಡು ಹಾಕಬೇಕು ಅನ್ನೋದು ನಮ್ಮ ಕಟ್ಟಳೆ. ಮೇಲ್‌ನಲ್ಲಿರುವ ನಂಬರ್‌ಗೆ ಅಲ್ಲ. ಅಕೌಂಟ್ಸ್‌ಗೆ ಸೇರಿ ಎರಡೇ ತಿಂಗಳಾಗಿದ್ದ ಹುಡುಗಿ ಫೋನ್ ಮಾಡಿದಳು. ಆ ಕಡೆಯಿಂದ, "ಇಲ್ಲಮ್ಮ, ನಾವು ಯಾವ ಖಾತೇನೂ ಬದಲಾಯಿಸಿಲ್ಲ" ಅಂದರು. ಅವತ್ತು ಸಂಜೆ ಯಜಮಾನರು ಎಲ್ಲರಿಗೂ ಬಾದೂಷಾ ತರಿಸಿದರು. ದುಡ್ಡು ಹೋಗಿಬಿಟ್ಟರೆ ತಡಮಾಡದೆ ಫೋನ್ ಮಾಡಬೇಕಾದ ಸೈಬರ್ ವಂಚನೆಯ ಸಹಾಯವಾಣಿ 1930 ನಂಬರನ್ನು ಅವಳೇ ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ್ದಾಳೆ.

ಅದೇ ವರ್ಷದ ಕೊನೆಗೆ, ಡ್ರಾಯಿಂಗ್ ಬಗ್ಗೆ ಕೇಳಿದ್ದ ಪರ್ಚೇಸ್ ಮ್ಯಾನೇಜರ್ ಕಂಪನಿಯಿಂದ 60 ಪ್ರಶ್ನೆಗಳ ಫಾರಂ ಬಂತು. ಡ್ರಾಯಿಂಗ್ ಯಾರು ಯಾರು ನೋಡುತ್ತಾರೆ, ಬ್ಯಾಕಪ್ ಕೊನೆಯದಾಗಿ ಯಾವಾಗ ಪರೀಕ್ಷಿಸಿದಿರಿ, ಕೆಲಸ ಬಿಟ್ಟವರ ಲಾಗಿನ್ ಎಷ್ಟು ದಿನದಲ್ಲಿ ತೆಗೆಯುತ್ತೀರಿ. ಶನಿವಾರದ ಪರೀಕ್ಷೆಗಳ ರಿಜಿಸ್ಟರ್‌ನ ಫೋಟೊ ತೆಗೆದು ಜೊತೆಗೆ ಕಳಿಸಿದೆ. 11 ಪ್ರಶ್ನೆಗಳಿಗೆ ಇಲ್ಲ ಅಂತಲೇ ಬರೆದೆ. ಮೂರು ವಾರ ಬಿಟ್ಟು ಎರಡು ವರ್ಷದ ರೇಟ್ ಕಾಂಟ್ರಾಕ್ಟ್ ಬಂತು. ಆ ಮ್ಯಾನೇಜರ್ ಫೋನ್‌ನಲ್ಲಿ ಹೇಳಿದ್ದು ರೇಟಿನ ಬಗ್ಗೆ ಅಲ್ಲ, ಆ ರಿಜಿಸ್ಟರ್ ಬಗ್ಗೆ.

ಆ 11ರಲ್ಲಿ ಇನ್ನೂ ನಾಲ್ಕು ಬಾಕಿ ಇವೆ. ಇನ್‌ಸ್ಪೆಕ್ಷನ್ ರೂಮಿನ ಕಂಪ್ಯೂಟರ್ ಅದರಲ್ಲೊಂದು. ಅದರಲ್ಲಿರುವುದು ವಿಂಡೋಸ್ 7, ಅದಕ್ಕೆ 2020ರ ಜನವರಿಯಲ್ಲೇ ಅಪ್‌ಡೇಟ್ ನಿಂತಿದೆ. ಅಳತೆ ಮಷೀನಿನ ಸಾಫ್ಟ್‌ವೇರ್ ಹೊಸ ವಿಂಡೋಸ್‌ನಲ್ಲಿ ಓಡುವುದಿಲ್ಲ. ಸದ್ಯಕ್ಕೆ ನೆಟ್‌ವರ್ಕ್ ಕೇಬಲ್ ಕಳಚಿ, ರಿಪೋರ್ಟ್‌ಗಳನ್ನು ಅಲ್ಲೇ ಪ್ರಿಂಟ್ ತೆಗೆಯುತ್ತಿದ್ದೇವೆ. ಹೊಸ ಸಾಫ್ಟ್‌ವೇರ್‌ನ ಕೊಟೇಷನ್ ಹೋದ ವಾರ ಯಜಮಾನರ ಟೇಬಲ್ ಮೇಲಿಟ್ಟೆ. "ಇದು ನಿಂತರೆ ಎಷ್ಟು ಗಂಟೆ ಲೆಕ್ಕ?" ಅಂತ ಕೇಳಿದರು. ಡಿಸ್ಪ್ಯಾಚ್ ರಿಜಿಸ್ಟರ್ ಹಿಡಿದು ಈಗ ಅದನ್ನೇ ಕೂಡುತ್ತಾ ಕೂತಿದ್ದೇನೆ.