ಕಿವಿ ಚೆನ್ನಾಗಿದೆ, ಆದರೂ ಓದು ಹತ್ತುತ್ತಿಲ್ಲ: ಸಹಾಯ ಹುಡುಕುವುದು ಹೇಗೆ

ನಾನು 'ದಡ' ಅಂದರೆ ಮಗಳು 'ತಡ' ಅಂತ ಬರೆಯುತ್ತಿದ್ದಳು. 'ಗರಿ' ಅಂದರೆ 'ಕರಿ'. ಕಿವಿ ಪರೀಕ್ಷೆ ಮಾಡಿಸಿದೆವು, ಎಲ್ಲ ಸರಿಯಿದೆ ಅಂದರು. ಸಮಾಧಾನವಾಯಿತು. ಆ ಸಮಾಧಾನದಲ್ಲೇ ಒಂದು ವರ್ಷ ಹೋಯಿತು. ಟ್ಯೂಷನ್‌ಗೆ ಹಾಕಿದೆವು. ಅಲ್ಲಿ ಒಂದೇ ಪಾಠವನ್ನು ಹತ್ತು ಸಲ ಜೋರಾಗಿ ಓದಿಸಿದರು. ಪಾಠ ಬಾಯಿಪಾಠವಾಯಿತು, ಓದು ಬರಲಿಲ್ಲ.

ಸಾಮಾನ್ಯ ಕಿವಿ ಪರೀಕ್ಷೆ ನೋಡುವುದು ಸಣ್ಣ ಶಬ್ದ ಕೇಳಿಸುತ್ತದೆಯೇ ಅಂತ ಮಾತ್ರ. ಕೇಳಿಸಿದ್ದನ್ನು ಮೆದುಳು ಹೇಗೆ ಬಿಡಿಸಿಕೊಳ್ಳುತ್ತದೆ ಅನ್ನುವುದು ಬೇರೆ ವಿಷಯ. ಅದಕ್ಕೆ ಆಡಿಟರಿ ಪ್ರೊಸೆಸಿಂಗ್ ಪರೀಕ್ಷೆ ಬೇಕು. ಅದನ್ನು ಮಾಡುವವರು ಆಡಿಯಾಲಜಿಸ್ಟ್ (ಕೇಳುವಿಕೆ ಪರೀಕ್ಷಿಸುವ ತಜ್ಞರು), ಆದರೆ ಎಲ್ಲರೂ ಮಾಡುವುದಿಲ್ಲ. ಹಾಗಾಗಿ ಹೋಗುವ ಮೊದಲೇ ಫೋನಿನಲ್ಲಿ ಕೇಳಿ: ಗದ್ದಲದ ನಡುವೆ ಮಾತು ಕೇಳಿಸುವ ಪರೀಕ್ಷೆ ಇದೆಯಾ? ಎರಡು ಕಿವಿಗೆ ಒಟ್ಟಿಗೆ ಬೇರೆ ಬೇರೆ ಪದ ಕೇಳಿಸುವ ಪರೀಕ್ಷೆ? ಯಾವ ಭಾಷೆಯಲ್ಲಿ? ಈ ಕೊನೆಯ ಪ್ರಶ್ನೆ ಬಿಡಬೇಡಿ. ಸರಿಯಾಗಿ ಬಾರದ ಭಾಷೆಯಲ್ಲಿ ಪರೀಕ್ಷಿಸಿದರೆ ಯಾವ ಮಗುವೂ ತಪ್ಪುತ್ತದೆ, ಅಲ್ವಾ? ಏಳು ವರ್ಷಕ್ಕಿಂತ ಚಿಕ್ಕವರಲ್ಲಿ ಫಲಿತಾಂಶ ತುಂಬ ಏರುಪೇರಾಗುವುದರಿಂದ ಸಾಮಾನ್ಯವಾಗಿ ಆ ವಯಸ್ಸಿನವರೆಗೆ ಕಾಯುತ್ತಾರೆ. ಓದಿನ ಸಹಾಯಕ್ಕೆ ಮಾತ್ರ ಕಾಯಬೇಕಿಲ್ಲ.

ಕಿವಿ ತಮಟೆಯ ಹಿಂದೆ ನೀರು ತುಂಬಿದೆಯೇ ಅಂತ ಒಮ್ಮೆ ನೋಡಿಸಿ. ಅದು ಬಂದು ಹೋಗುತ್ತಿರುತ್ತದೆ, ಒಂದು ದಿನದ ಪರೀಕ್ಷೆಯಲ್ಲಿ ಸಿಗದಿರಬಹುದು. ಗಮನದ ತೊಂದರೆ, ಡಿಸ್‌ಲೆಕ್ಸಿಯಾ (ಓದು-ಬರಹ ಕಲಿಯುವುದರಲ್ಲಿನ ತೊಂದರೆ) ಕೂಡ ಹೊರಗೆ ಹೀಗೆಯೇ ಕಾಣುತ್ತವೆ. ಎರಡು ಮೂರು ಒಟ್ಟಿಗೆ ಇರುವುದೂ ಉಂಟು.

ಇನ್ನು ಓದು ಕಲಿಸುವವರು. ಇಲ್ಲೇ ನಾವು ಜಾಸ್ತಿ ಅಲೆದಿದ್ದು. ಸ್ಪೀಚ್ ಥೆರಪಿಸ್ಟ್ ಆಗಲಿ, ವಿಶೇಷ ಶಿಕ್ಷಕಿ ಆಗಲಿ, ಹೆಸರಿನ ಮುಂದಿನ ಪದವಿಗಿಂತ ಮೊದಲ ಅರ್ಧ ಗಂಟೆ ಏನು ಮಾಡುತ್ತಾರೆ ಅನ್ನುವುದನ್ನು ನೋಡಿ. ನಮಗೆ ಕೊನೆಗೆ ಸಿಕ್ಕವರು ಬಂದವರೇ ಫ್ಯಾನ್ ಆರಿಸಿದರು. ಮಗಳ ಎದುರಿಗೆ ಕೂತರು. ಪುಸ್ತಕ ತೆಗೆಯಲೇ ಇಲ್ಲ. 'ಮರ' ಪದದಲ್ಲಿ ಮೊದಲ ಸದ್ದು ಯಾವುದು, ಅದನ್ನು ತೆಗೆದು 'ನ' ಇಟ್ಟರೆ ಏನಾಗುತ್ತದೆ ಅಂತ ಆಟ ಆಡಿಸಿದರು. 'ಪ' ಮತ್ತು 'ಬ' ಹೇಳುವಾಗ ಗಂಟಲ ಮೇಲೆ ಕೈ ಇಡಿಸಿದರು. 'ಬ'ಗೆ ಗಂಟಲು ಮೊದಲೇ ನಡುಗುತ್ತದೆ. ಕಿವಿಗೆ ಸಿಗದ ವ್ಯತ್ಯಾಸ ಅವಳಿಗೆ ಕೈಗೆ ಸಿಕ್ಕಿತು! ಆಮೇಲೆ ಅಕ್ಷರ, ಅದೂ ಬೆರಳಲ್ಲಿ ತಿದ್ದುತ್ತಾ. ಒತ್ತಕ್ಷರ ಬಂದಿದ್ದು ಎಷ್ಟೋ ವಾರಗಳ ಮೇಲೆ. ಕಣ್ಣು, ಕಿವಿ, ಕೈ ಮೂರನ್ನೂ ಸೇರಿಸಿ ಹಂತ ಹಂತವಾಗಿ ಕಲಿಸುವ ಈ ದಾರಿಗೆ ಆರ್ಟನ್-ಗಿಲ್ಲಿಂಗ್‌ಹ್ಯಾಮ್ ಪದ್ಧತಿ ಹೆಸರುವಾಸಿ. ಅದು 1930ರ ದಶಕದಿಂದಲೂ ಇದೆ. ಅದರಲ್ಲೋ ಅಂಥದ್ದರಲ್ಲೋ ತರಬೇತಿ ಆಗಿದೆಯಾ ಅಂತ ಕೇಳಿ.

ಹೆಡ್‌ಫೋನ್ ಹಾಕಿ ಸಂಗೀತ ಕೇಳಿಸಿದರೆ ಸಾಕು, ಓದು ತಾನಾಗೇ ಬರುತ್ತದೆ ಅನ್ನುವವರೂ ಸಿಗುತ್ತಾರೆ. ದಯವಿಟ್ಟು ನಿಧಾನಿಸಿ. ಆಡಿಟರಿ ಇಂಟಿಗ್ರೇಷನ್ ಟ್ರೇನಿಂಗ್ ಅನ್ನುವ ಅಂಥ ಒಂದು ವಿಧಾನಕ್ಕೆ ಸಾಕಷ್ಟು ವೈಜ್ಞಾನಿಕ ಆಧಾರ ಇಲ್ಲ ಅಂತ ಅಮೆರಿಕದ ಸ್ಪೀಚ್-ಹಿಯರಿಂಗ್ ತಜ್ಞರ ಸಂಘ 2004ರಲ್ಲೇ ಹೇಳಿದೆ.

ಶಾಲೆಯಲ್ಲಿ ಎರಡು ಬೇಡಿಕೆ ಇಡಿ: ಮುಂದಿನ ಬೆಂಚು, ಮತ್ತು ಹೇಳಿದ್ದನ್ನು ಬೋರ್ಡಿನ ಮೇಲೂ ಬರೆಯುವುದು. ಟೀಚರ್ ಸಣ್ಣ ಮೈಕ್ ಹಾಕಿಕೊಂಡು, ಅವರ ಮಾತು ನೇರ ಮಗುವಿನ ಕಿವಿಗೆ ಬರುವ ಸಾಧನವೂ ಇದೆ. ಅದು ಬೇಕೇ ಅಂತ ಆಡಿಯಾಲಜಿಸ್ಟ್ ಹೇಳಲಿ.

ಇವತ್ತೇ ಶುರು ಮಾಡಬಹುದಾದ ಕೆಲಸ ಒಂದಿದೆ. ಮಗು ಯಾವ ಪದವನ್ನು ಏನಂತ ಕೇಳಿಸಿಕೊಂಡಿತು, ಆಗ ಟಿವಿ ಹಾಕಿತ್ತಾ, ನಿಮ್ಮ ಮುಖ ಕಾಣುತ್ತಿತ್ತಾ, ಎಲ್ಲ ಒಂದು ಪುಸ್ತಕದಲ್ಲಿ ಬರೆದಿಡಿ. ಸುಮ್ನೆ 'ಓದಲ್ಲ' ಅನ್ನುವುದಕ್ಕಿಂತ ಆ ಎರಡು ಪುಟ ಯಾವ ತಜ್ಞರಿಗಾದರೂ ಹೆಚ್ಚು ಹೇಳುತ್ತದೆ. ನಮ್ಮ ಪುಸ್ತಕದಲ್ಲಿ ಮೊದಲ ಸಾಲು 'ದಡ–ತಡ'. ಹೋದ ತಿಂಗಳು ಮಗಳೇ ಅದರ ಮೇಲೆ ಗೆರೆ ಎಳೆದಳು. 'ಗರಿ–ಕರಿ' ಇನ್ನೂ ಇದೆ.