ಏರ್‌ಶಿಪ್ ಕಾದಂಬರಿ ಬರೆಯುವಾಗ ತೂಕದ ಲೆಕ್ಕ

ಸ್ಟೀಮ್‌ಪಂಕ್ (ಉಗಿ ಯಂತ್ರಗಳ ಕಾಲವನ್ನೇ ಹಿಗ್ಗಿಸಿ ಕಲ್ಪಿಸುವ ಕಥೆಗಳು) ಅಂದ ಕೂಡಲೇ ಎಲ್ಲರೂ ಹಿತ್ತಾಳೆಯ ಹಲ್ಲುಚಕ್ರ, ದಪ್ಪ ಕನ್ನಡಕ, ಉದ್ದ ಕೋಟು ಅಂತ ಶುರು ಮಾಡುತ್ತಾರೆ. ಅದೆಲ್ಲ ವೇಷ. ಓದುವವರನ್ನು ಹಿಡಿದು ಕೂರಿಸುವುದು ಏರ್‌ಶಿಪ್, ಅಂದರೆ ಹಗುರ ಗ್ಯಾಸ್ ತುಂಬಿ ತೇಲಿಸಿ ಎಂಜಿನ್ನಿನಿಂದ ಓಡಿಸುವ ಆಕಾಶದ ಹಡಗು, ಯಾಕೆಂದರೆ ಅದು ನಿಧಾನ. ವಿಮಾನದಲ್ಲಿ ಕಥೆಗೆ ಜಾಗವೇ ಇಲ್ಲ, ಹತ್ತಿದಿರಿ, ತಿಂದಿರಿ, ಇಳಿದಿರಿ. ಏರ್‌ಶಿಪ್‌ನಲ್ಲಾದರೆ ಪತ್ತೇದಾರ, ಕಳ್ಳ, ಅವನ ಹಳೇ ಪ್ರೇಯಸಿ ಎಲ್ಲರೂ ದಿನಗಟ್ಟಲೆ ಒಂದೇ ಮೇಜಿಗೆ ಊಟಕ್ಕೆ ಬರಬೇಕು, ಅದೂ ತಲೆ ಮೇಲೆ ಲಕ್ಷಕ್ಕೂ ಜಾಸ್ತಿ ಘನ ಮೀಟರ್ ಹೈಡ್ರೋಜನ್ ಇಟ್ಟುಕೊಂಡು.

ನನ್ನ ಕಥೆ ಹುಟ್ಟಿದ್ದು ನಿಜವಾದ ಒಂದು ಪ್ರಯಾಣದಿಂದ. 1930ರ ಅಕ್ಟೋಬರ್ 4ರ ಸಂಜೆ ಇಂಗ್ಲೆಂಡಿನ ಕಾರ್ಡಿಂಗ್ಟನ್‌ನಿಂದ ಆರ್101 ಎಂಬ ಏರ್‌ಶಿಪ್ ಕರಾಚಿಗೆ ಹೊರಟಿತು. ಕರಾಚಿಯಲ್ಲಿ ಅದಕ್ಕಂತಲೇ ದೊಡ್ಡ ಶೆಡ್ ಕಟ್ಟಿಸಿದ್ದರು. ಆದರೆ ಅದು ಫ್ರಾನ್ಸನ್ನೇ ದಾಟಲಿಲ್ಲ, ಮಳೆಗಾಳಿಗೆ ಸಿಕ್ಕಿ ಬೋವೆ ಊರಿನ ಹತ್ತಿರ ನೆಲಕ್ಕೆ ಬಿದ್ದು ಸುಟ್ಟುಹೋಯಿತು. 54 ಜನರಲ್ಲಿ 48 ಮಂದಿ ಸತ್ತರು. ಕರಾಚಿಯ ಶೆಡ್ ಖಾಲಿಯೇ ಉಳಿಯಿತು. ಅದು ಬಂದು ತಲುಪಿದ್ದರೆ? ಅಷ್ಟೇ ನನ್ನ ಕಾದಂಬರಿ. ಡೀಸೆಲ್ ಎಂಜಿನ್ ತೆಗೆದು ಉಗಿ ಎಂಜಿನ್ ಹಾಕಿದೆ, ಒಳಗೆ ಲೆಕ್ಕ ಬರೆಯೋಕೆ ಮೈಸೂರು ಸೀಮೆಯ ಶಾನುಭೋಗರ ಮನೆ ಹುಡುಗನೊಬ್ಬನನ್ನು ಕೂರಿಸಿದೆ.

ಅವನು ಬರೆಯುವುದು ತೂಕದ ಲೆಕ್ಕ. ಒಂದು ಘನ ಮೀಟರ್ ಹೈಡ್ರೋಜನ್ ಎತ್ತುವುದು ಒಂದು ಕೆಜಿಗಿಂತ ಚೂರು ಜಾಸ್ತಿ, ಅಷ್ಟೇ. ಕಲ್ಲಿದ್ದಲು ಉರಿದಷ್ಟೂ ಹಡಗು ಹಗುರಾಗಿ ಮೇಲೇಳುತ್ತದೆ, ಇಳಿಸಬೇಕೆಂದರೆ ಗ್ಯಾಸ್ ಬಿಡಬೇಕು, ಬಿಟ್ಟ ಗ್ಯಾಸ್ ವಾಪಸ್ ಬರಲ್ಲ. ಮಳೆ ಹೊಡೆದರೆ ಮೇಲಿನ ಬಟ್ಟೆ ನೆನೆದು ಟನ್‌ಗಟ್ಟಲೆ ಭಾರ. ಆಗ ಭಾರಕ್ಕೆಂದೇ ಹೊತ್ತ ನೀರನ್ನು ಕೆಳಗೆ ಸುರಿದು ಹಗುರ ಮಾಡಬೇಕು. ನಿಜವಾದ ಆರ್101 ಕೂಡ ಕಟ್ಟಿದ್ದ ಕಂಬ ಬಿಟ್ಟು ಹೊರಡುವಾಗ 4 ಟನ್‌ನಷ್ಟು ನೀರು ಚೆಲ್ಲಿತ್ತು. ಇದನ್ನೆಲ್ಲ ನಾನು ಎಕ್ಸೆಲ್‌ನಲ್ಲಿ ಅಧ್ಯಾಯವಾರು ಹಾಕಿಕೊಂಡೆ: ಕಲ್ಲಿದ್ದಲು, ನೀರು, ಗ್ಯಾಸ್, ಜನ. ಮುಂದೆ ಏನಾಗಬೇಕು ಅಂತ ಯೋಚಿಸುವ ಕೆಲಸ ಅರ್ಧ ಅಲ್ಲೇ ಮುಗಿಯಿತು. ಕದ್ದು ಹತ್ತಿದ ಒಬ್ಬ ಹುಡುಗನ ಭಾರ ಇಷ್ಟು ದೊಡ್ಡ ಹಡಗಿಗೆ ಗೊತ್ತೇ ಆಗಲ್ಲ, ಹಾಗಾಗಿ ಕಳ್ಳಮಾಲು ಸೀಸದ್ದಾಗಿರಲಿ ಅಂತ ಎರಡು ಟನ್ ಅಚ್ಚುಮೊಳೆ ತುಂಬಿಸಿದೆ, ಸರ್ಕಾರ ಮುಚ್ಚಿಸಿದ ಒಂದು ಪತ್ರಿಕೆಗೆ. ಬಾಯ್ಲರ್ ನೋಡಿಕೊಳ್ಳುವ ಮಂಗಳೂರಿನ ಮುದುಕ ಲೆಕ್ಕದ ಹುಡುಗನನ್ನು ಕೇಳುತ್ತಾನೆ:

"ಸ್ವಾಮೀ, ಒಂದೋ ನಿಮ್ಮ ಪುಸ್ತಕ ಸುಳ್ಳು ಹೇಳ್ತಾ ಉಂಟು, ಇಲ್ಲ ಹಡಗು."

"ಪುಸ್ತಕ ಬರೆದಿದ್ದು ನಾನು."

"ಹಾಗಾದ್ರೆ ಹಡಗೇ."

ಕೆಳಗೆ ಬೆಂಕಿ, ಮೇಲೆ ಹೈಡ್ರೋಜನ್, ಹೊತ್ತಿಕೊಳ್ಳಲ್ವಾ ಅಂತ ಎಲ್ಲರೂ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಇದಕ್ಕೆ 1852ರಲ್ಲೇ ಪ್ಯಾರಿಸ್‌ನಲ್ಲಿ ಆನ್ರಿ ಜಿಫಾರ್ ದಾರಿ ಕಂಡುಕೊಂಡಿದ್ದ: ಉಗಿ ಎಂಜಿನ್ ಕಟ್ಟಿ ಹಾರಿದ ಅವನು ಹೊಗೆ ಕೊಳವೆಯನ್ನು ಕೆಳಮುಖ ಮಾಡಿದ್ದ, ಕಿಡಿ ಮೇಲೆ ಹೋಗದ ಹಾಗೆ. ಎಂಜಿನ್ನು ಬಾಯ್ಲರ್ ಸೇರಿ 150 ಕೆಜಿಗೂ ಜಾಸ್ತಿ, ಸಿಕ್ಕ ಶಕ್ತಿ ಬರೀ 3 ಅಶ್ವಶಕ್ತಿ. ಸುಮಾರು 27 ಕಿಲೋಮೀಟರ್ ಹೋದ, ಎದುರುಗಾಳಿಗೆ ವಾಪಸ್ ಬರೋಕೆ ಆಗಲಿಲ್ಲ. ಆ ಕೆಳಮುಖದ ಕೊಳವೆಯನ್ನು ಹಾಗೇ ಎತ್ತಿಕೊಂಡೆ. ನನ್ನ ಹಡಗು ಹಾದುಹೋದ ಊರಲ್ಲಿ ಒಣಹಾಕಿದ ಬಟ್ಟೆಯೆಲ್ಲ ಮಸಿ.

ಬರೆಯೋಕೆ ಜಾಸ್ತಿ ಹೊತ್ತು ಹಿಡಿದದ್ದು ಗ್ಯಾಸ್ ಚೀಲದ ಅಧ್ಯಾಯ. ಆ ಕಾಲದ ಚೀಲಗಳಿಗೆ ಗ್ಯಾಸ್ ಸೋರದಂತೆ ದನದ ಕರುಳಿನ ತೆಳು ಪೊರೆ ಅಂಟಿಸುತ್ತಿದ್ದರು, ಒಂದೊಂದು ದೊಡ್ಡ ಹಡಗಿಗೆ ಲಕ್ಷಗಟ್ಟಲೆ ದನ. ನಮ್ಮ ಹುಡುಗ ಮಡಿ ಮಾಡುವ ಮನೆಯವನು. ಮೂರು ದಿನದಿಂದ ಅದಕ್ಕೇ ಬೆನ್ನು ಕೊಟ್ಟು ಮಲಗಿದ್ದಾನೆ. ಗೊತ್ತಾದಾಗ ಏನು ಮಾಡುತ್ತಾನೆ? ತಮಾಷೆ ಮಾಡಿದರೆ ಅಗ್ಗವಾಗುತ್ತದೆ, ಭಾಷಣ ಹೊಡೆಸಿದರೆ ಇನ್ನೂ ಕೆಟ್ಟದು. ಕೊನೆಗೆ ಅವನಿಗೆ ಸೂಜಿ, ದಾರ, ಅಂಟು ಕೊಟ್ಟು ಹರಿದ ಚೀಲ ತೇಪೆ ಹಾಕೋಕೆ ಕಳಿಸಿದೆ. ಹಾಕದಿದ್ದರೆ ಎಲ್ಲರೂ ಸಾಯುತ್ತಾರೆ. ಮಾತೇ ಇಲ್ಲದ ನಾಲ್ಕು ಪುಟ ಅದು, ಪುಸ್ತಕದಲ್ಲಿ ನನಗೆ ಇಷ್ಟವಾದ ಭಾಗ.

ಈಗ ಎರಡನೇ ಭಾಗ ನಡೀತಿದೆ. ಹಡಗು ಕರಾಚಿಯಲ್ಲಿದೆ, ಗ್ಯಾಸ್ ಖಾಲಿ. ಕೆಂಪಗೆ ಕಾದ ಕಬ್ಬಿಣದ ಮೇಲೆ ಉಗಿ ಹಾಯಿಸಿದರೆ ಹೈಡ್ರೋಜನ್ ಸಿಗುತ್ತದೆ. ಉಗಿ ಹೇಗೂ ಇದೆ. ಅಷ್ಟು ಕಬ್ಬಿಣವನ್ನು ಎಲ್ಲಿಂದ ಕದಿಸೋದು ಅಂತ ಸದ್ಯಕ್ಕೆ ರೈಲ್ವೆ ಯಾರ್ಡಿನ ಕಡೆ ನೋಡುತ್ತಿದ್ದೇನೆ.