ಹಾಳೆ ತನ್ನಿ ಅಂದೆ, ಹಾಳೆಯೇ ಬಂತು

ಮದುವೆಯಾಗಿ ಮೈಸೂರು ಕಡೆಯಿಂದ ಕಾಸರಗೋಡಿನ ನೀರ್ಚಾಲಿಗೆ ಬಂದವಳು ನಾನು. ಶನಿವಾರ ಮಧ್ಯಾಹ್ನ ನೆರೆಮನೆಗಳ ಏಳೆಂಟು ಮಕ್ಕಳನ್ನು ಜಗಲಿಯಲ್ಲಿ ಕೂರಿಸಿಕೊಂಡು ಚಿತ್ರ ಮಾಡಿಸುತ್ತೇನೆ. ಎಲ್ಲರೂ ನಾಲ್ಕರಿಂದ ಏಳು ವರ್ಷದವರು. ಮೊದಲ ವಾರ, "ಮುಂದಿನ ಸಲ ಎರಡು ಹಾಳೆ ತನ್ನಿ" ಅಂದಿದ್ದೆ. ಇಬ್ಬರನ್ನು ಬಿಟ್ಟು ಉಳಿದವರೆಲ್ಲ ತೋಟದಿಂದ ಅಡಿಕೆ ಹಾಳೆ, ಅಂದರೆ ಅಡಿಕೆ ಸೋಗೆಯ ಬುಡದ ಅಗಲವಾದ ಭಾಗ, ತಂದರು. ಒಬ್ಬನಂತೂ ತಂಗಿಯನ್ನು ಅದರ ಮೇಲೆ ಕೂರಿಸಿ ಎಳೆದುಕೊಂಡೇ ಬಂದಿದ್ದ! ಇಲ್ಲಿ ಬರೆಯುವುದಕ್ಕೆ 'ಕಾಗದ' ಅಂತಲೇ ಕೇಳಬೇಕು.

ಅಷ್ಟು ಆಸೆಯಿಂದ ತಂದದ್ದನ್ನು ವಾಪಸ್ ಕಳಿಸುವುದು ಹೇಗೆ? ಅದರ ಮೇಲೆಯೇ ಶುರುಮಾಡಿದೆವು. ಅವತ್ತು ಏನೂ ಸರಿಯಾಗಲಿಲ್ಲ. ಹಾಳೆ ಸುರುಟಿಕೊಂಡಿತು, ಬಣ್ಣ ಜಾರಿತು. ಈಗ ಹದ ಗೊತ್ತಾಗಿದೆ. ರಾತ್ರಿ ನೀರಲ್ಲಿ ನೆನೆಹಾಕಿ, ಬೆಳಿಗ್ಗೆ ಅಗಲ ಮಾಡಿ, ಮೇಲೆ ಕಲ್ಲು ಹೇರಿ ಎರಡು ದಿನ ಬಿಡುತ್ತೇನೆ. ಒಳಮೈಯ ತೆಳು ಪೊರೆ ಸುಲಿದರೆ ಬಣ್ಣ ಹಿಡಿಯುತ್ತದೆ. ಪೋಸ್ಟರ್ ಬಣ್ಣಕ್ಕೆ ಚೂರು ಫೆವಿಕಾಲ್ ಬೆರೆಸಿದರೆ ಇನ್ನೂ ಒಳ್ಳೆಯದು. ಮಳೆಗಾಲದಲ್ಲಿ ಮಾತ್ರ ಇದರ ಸಹವಾಸ ಬೇಡ, ಬೂಸರು ಬರುತ್ತದೆ.

ಕಣ್ಣಿಗೆ ಎರಡು ತೂತು ಕೊರೆದು ಕೊಟ್ಟರೆ ಮುಖವಾಡ. ಕತ್ತರಿ, ಚೂರಿ ನನ್ನ ಕೈಯಲ್ಲೇ ಇರುತ್ತದೆ. ಮಾದರಿ ತೋರಿಸುವ ಅಗತ್ಯವೇ ಇಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಪಕ್ಕದಲ್ಲೇ ಇರುವ ಊರು ಇದು. ಯಕ್ಷಗಾನದ ಬಣ್ಣದ ವೇಷವನ್ನೂ ದೈವದ ವೇಷ ಕಟ್ಟಿ ಕುಣಿಯುವ ತೆಯ್ಯವನ್ನೂ ಅಮ್ಮನ ಮಡಿಲಲ್ಲಿ ಕೂತೇ ನೋಡಿದ ಮಕ್ಕಳು. ಮೊದಮೊದಲು ನಾನೇ ಒಂದು ಮನೆ, ಒಂದು ತೆಂಗಿನಮರ ಬರೆದು ತೋರಿಸುತ್ತಿದ್ದೆ. ಎಂಟು ಕಾಗದದಲ್ಲೂ ಅದೇ ಮನೆ, ಅದೇ ತೆಂಗಿನಮರ. ಆಮೇಲೆ ಬಿಟ್ಟೆ.

ಇವರಿಗೆ ಜಾಸ್ತಿ ಇಷ್ಟ ಬಸಳೆ ಹಣ್ಣು. ಬಳ್ಳಿಯಲ್ಲಿ ಕಪ್ಪಾದ ಹಣ್ಣನ್ನು ತೆಂಗಿನ ಚಿಪ್ಪಿನಲ್ಲಿ ಹಾಕಿ ಬೆರಳಲ್ಲಿ ಹಿಸುಕಿದರೆ ಎಂಥಾ ನೇರಳೆಗೆಂಪು ರಸ! ಬೆಂಡೆಕಾಯಿಯ ತೊಟ್ಟಿನ ಕಡೆ ಅಡ್ಡ ಕೊಯ್ದು ಅದರಲ್ಲಿ ಅದ್ದಿ ಒತ್ತಿದರೆ ಐದು ಮೂಲೆಯ ಹೂವು. ಆದರೆ ಈ ಬಣ್ಣ ಬೆಳಕಿಗೆ ನಿಲ್ಲುವುದಿಲ್ಲ. ಗೋಡೆಗೆ ಅಂಟಿಸಿದ ಹೂವು ಕೆಲವೇ ದಿನಕ್ಕೆ ಮಾಸಿತ್ತು. "ಅಕ್ಕಾ, ನನ್ನ ಹೂ ಬಾಡಿತು" ಅಂತ ಒಬ್ಬಳು ಅಳುಮೋರೆ ಮಾಡಿದಳು. ಈಗ ಅವತ್ತೇ ಮನೆಗೆ ಕೊಟ್ಟು ಕಳಿಸುತ್ತೇನೆ.

ಇನ್ನೊಂದು ಆಟ ಅರಿಶಿನದ್ದು. ಅರಿಶಿನ ನೀರು ಬಳಿದ ಕಾಗದ ಒಣಗಿದ ಮೇಲೆ, ಬಟ್ಟೆ ಸಾಬೂನಿನ ನೀರಲ್ಲಿ ಬೆರಳು ಅದ್ದಿ ಬರೆಯಬೇಕು. ಗೆರೆ ಕೆಂಪಾಗುತ್ತದೆ. ಓಕುಳಿಯ ಗುಟ್ಟೂ ಇದೇ ಅಲ್ವಾ? ಅಲ್ಲಿ ಸುಣ್ಣ ಹಾಕುತ್ತಾರೆ. ಸುಣ್ಣ ಕಣ್ಣಿಗೆ ಅಪಾಯ, ಅದಕ್ಕೇ ಸಾಬೂನು. ಒಬ್ಬ ಹುಡುಗ ಅರಿಶಿನದ ಕೈಯನ್ನು ಬಿಳಿ ಅಂಗಿಗೆ ಒರೆಸಿಕೊಂಡು ಹೋಗಿದ್ದ. ಅವನಮ್ಮ ಸಾಬೂನು ಹಚ್ಚಿದ ಕೂಡಲೇ ಕಲೆ ಕೆಂಪಾಯಿತು. ರಕ್ತವೇನೋ ಎಂದು ಹೆದರಿ ಫೋನ್ ಮಾಡಿದರು. ಈಗ ಎಲ್ಲರಿಗೂ ಹಳೆ ಬಟ್ಟೆ ಹಾಕಿ ಕಳಿಸಿ ಎಂದು ಮೊದಲೇ ಹೇಳಿಬಿಡುತ್ತೇನೆ.